ತೂಗುಕುಂಡದ ಮನಿಪ್ಲಾಂಟ್: ಬುಡ ಬೋಳು, ತುದಿಯಲ್ಲಿ ಮಾತ್ರ ಎಲೆ

ತೂಗುಬಳ್ಳಿ
ಹಸಿರಿನ ಮೇಲೆ ಹಳದಿ ಮಚ್ಚೆ ಇರುವ ಮಾಮೂಲಿ ಮನಿಪ್ಲಾಂಟ್. ಊರು ಬೆಂಗಳೂರು, ಎರಡನೇ ಮಹಡಿ, ಪೂರ್ವದ ಕಿಟಕಿ. ಕಿಟಕಿಯಿಂದ ಎರಡಡಿ ಒಳಗೆ ಸೂರಿನ ಕೊಕ್ಕೆಗೆ ನೇತು ಹಾಕಿದ 8 ಇಂಚಿನ ಪ್ಲಾಸ್ಟಿಕ್ ಕುಂಡ, ಅಡಿಗೆ ಸಿಕ್ಕಿಸುವ ತಟ್ಟೆಯೂ ಇದೆ. ಆರು ಬಳ್ಳಿ, ಅತಿ ಉದ್ದದ್ದು ಐದಡಿ. ವಾರಕ್ಕೆ ಎರಡು ಸಲ ಅರ್ಧರ್ಧ ಲೀಟರ್ ನೀರು.

ಎರಡು ತಿಂಗಳಿಂದ ಕುಂಡದ ಬಾಯಿ ಹತ್ತಿರದ ಎಲೆಗಳು ಒಂದೊಂದಾಗಿ ಹಳದಿಯಾಗಿ ಬೀಳುತ್ತಿವೆ. ಈಗ ಮೇಲಿನ ಒಂದೂವರೆ ಅಡಿ ಬರೀ ದಾರದ ಹಾಗೆ ಕಾಣುತ್ತಿದೆ. ತುದಿಯಲ್ಲಿ ಚಿಗುರು ಬರುತ್ತಿದೆ, ಆದರೆ ಹೊಸ ಎಲೆ ಹಳೆಯದರ ಅರ್ಧ ಗಾತ್ರವೂ ಇಲ್ಲ. ಮೇಲ್ಮಣ್ಣು ಮುಟ್ಟಿದರೆ ಒಣಗಿಯೇ ಇರುತ್ತದೆ. ನೀರು ಹೆಚ್ಚಿಸಬೇಕೋ, ಗೊಬ್ಬರ ಕೊಡಬೇಕೋ? ಬೋಳಾದ ಜಾಗದಲ್ಲಿ ಮತ್ತೆ ಎಲೆ ಬರುತ್ತದೆಯೇ?

ಮಣ್ಣುಬೇರು
ಈಗಲೇ ಎರಡೂ ಬೇಡ. ಕಾರಣ ಗೊತ್ತಾಗುವವರೆಗೆ ನೀರು, ಗೊಬ್ಬರ ಎರಡನ್ನೂ ನಿಲ್ಲಿಸಿ. ನಾಲ್ಕು ದಿನ ಕಾದರೆ ಮನಿಪ್ಲಾಂಟ್ ಸಾಯುವುದಿಲ್ಲ. ತಪ್ಪು ಕಾರಣಕ್ಕೆ ನೀರು ಹುಯ್ದರೆ ಸಾಯುತ್ತದೆ.

ಮೊದಲು ಬಿದ್ದ ಎಲೆಯನ್ನು ಓದಬೇಕು. ಬಳ್ಳಿಯಲ್ಲಿ ಎಲ್ಲಿಂದ ಬಿತ್ತು, ಯಾವ ಬಣ್ಣದಲ್ಲಿ ಬಿತ್ತು, ಬೀಳುವಾಗ ಮೆತ್ತಗಿತ್ತೋ ಗರಿಗರಿಯಾಗಿತ್ತೋ ಎನ್ನುವುದರಲ್ಲೇ ಅರ್ಧ ಉತ್ತರ ಇದೆ.

ತಿಂಗಳಿಗೊಂದು, ಎರಡು ತಿಂಗಳಿಗೊಂದು ಎಲೆ, ಅದೂ ಬುಡದ ಅತಿ ಹಳೆಯದು, ಪೂರ್ತಿ ಹಳದಿಯಾಗಿ ಬಿದ್ದರೆ ಅದು ವಯಸ್ಸು. ಏನೂ ಮಾಡಬೇಕಿಲ್ಲ. ಬುಡದಿಂದಲೇ ಆದರೂ ವಾರಕ್ಕೆ ಎರಡು ಮೂರು ಬಿದ್ದರೆ ಬೇರಿನ ತೊಂದರೆ, ಬೆಳಕಿನ ಕೊರತೆ ಅಥವಾ ಸಾರಜನಕದ ಕೊರತೆ. ಹಳದಿಯ ಜೊತೆ ಎಲೆಯ ಅಂಚಿನಲ್ಲಿ ನೀರು ತುಂಬಿದಂಥ ಕಂದು ಕಪ್ಪು ಮಚ್ಚೆ ಇದ್ದರೆ ಬೇರು ಕೊಳೆಯುತ್ತಿದೆ ಎಂದೇ ಹಿಡಿಯಿರಿ. ಎಲೆ ಸುರುಳಿ ಸುತ್ತಿ, ತುದಿ ಒಣಗಿ, ಮುಟ್ಟಿದರೆ ಕಾಗದದ ಹಾಗೆ ಸದ್ದು ಮಾಡಿದರೆ ನೀರಿನ ಬರ. ಹಸಿರು ಎಲೆಯೇ ಒಂದೆರಡು ದಿನದಲ್ಲಿ ಕಪ್ಪಾಗಿ ಜೋತುಬಿದ್ದರೆ ಚಳಿ ಅಥವಾ ಎಸಿಯ ನೇರ ಗಾಳಿ. ಬಳ್ಳಿಯ ನಡುವೆ ಅಲ್ಲಲ್ಲಿ ಮಾತ್ರ ಉದುರಿದ್ದರೆ ಕೀಟ ಹುಡುಕಿ.

ಒಂದು ಸಂಗತಿಯಲ್ಲಿ ಬಹಳ ಜನ ಎಡವುತ್ತಾರೆ. ನೀರು ಕಮ್ಮಿಯಾದರೂ ಎಲೆ ಜೋಲುತ್ತದೆ, ನೀರು ಜಾಸ್ತಿಯಾಗಿ ಬೇರು ಕೊಳೆತರೂ ಜೋಲುತ್ತದೆ. ಬೇರು ಸತ್ತ ಮೇಲೆ ಸುತ್ತ ನೀರಿದ್ದರೂ ಕುಡಿಯಲು ಆಗುವುದಿಲ್ಲವಲ್ಲ. ಹೀಗಾಗಿ ಜೋಲಿದ ಎಲೆ ನೋಡಿ ನೀರು ಹಾಕಬೇಡಿ, ಮಣ್ಣು ನೋಡಿ ಹಾಕಿ. ಮಣ್ಣು ಒಣಗಿ ಜೋಲಿದ್ದರೆ ನೀರು ಕೊಟ್ಟ ಕೆಲವೇ ಗಂಟೆಯಲ್ಲಿ ಗಿಡ ಎದ್ದು ನಿಲ್ಲುತ್ತದೆ. ಒದ್ದೆ ಮಣ್ಣಿನಲ್ಲಿ ಜೋಲಿದ್ದರೆ ಇನ್ನೊಂದು ಚೊಂಬು ಹಾಕಿದಷ್ಟೂ ಕೆಡುತ್ತದೆ.

ಮೇಲ್ಮಣ್ಣು ಒಣಗಿದೆ ಎಂದಿದ್ದೀರಿ, ಅದನ್ನು ನಂಬಬೇಡಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇರುವ ಕುಂಡದ ಮೇಲಿನ ಒಂದಿಂಚು ಒಂದೇ ದಿನದಲ್ಲಿ ತಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅಡಿಯಲ್ಲಿ ವಾರವಾದರೂ ಪಸೆ ಇರುತ್ತದೆ. ಉರಿದು ಉಳಿದ ಅಗರಬತ್ತಿ ಕಡ್ಡಿಯನ್ನು ತಳ ಮುಟ್ಟುವ ತನಕ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಎಷ್ಟು ಉದ್ದಕ್ಕೆ ಬಣ್ಣ ಗಾಢವಾಗಿದೆ, ಮಣ್ಣು ಅಂಟಿದೆ ಎಂದು ನೋಡಿ. ತಟ್ಟೆ ಕಳಚಿ ಒಳಗೆ ನೀರಿದೆಯೇ ನೋಡಿ. ಆಮೇಲೆ ಇನ್ನೊಂದು: ಆರೂ ಬಳ್ಳಿಗಳಲ್ಲಿ ಬೋಳು ಒಂದೇ ಎತ್ತರಕ್ಕೆ ನಿಂತಿದೆಯೇ, ಅಥವಾ ಒಂದೊಂದರಲ್ಲಿ ಒಂದೊಂದು ಕಡೆಯೇ?

ಬಿಸಿಲೂರು ರಾಯಚೂರು
ಮಣ್ಣುಬೇರು ಸರ್ ಹೇಳಿದ್ದು ಖರೇ, ಆದರ ಒಣ ಕೊಕೊಪೀಟ್ ಸಂಗತಿನೂ ನೋಡ್ಕೊಳ್ರಿ. ಒಮ್ಮೆ ಪೂರ್ತಿ ಒಣಗಿದ ಕೊಕೊಪೀಟ್ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟು ನಿಲ್ಲತೈತಿ. ಮ್ಯಾಲಿಂದ ನೀರು ಹಾಕಿದ್ರ ಆ ಸಂದಿನೊಳಗ ಸರ್ರಂತ ಇಳಿದು ತಟ್ಟೆ ತುಂಬತೈತಿ, ನಡುವಿನ ಬೇರು ಒಣಗೇ ಉಳೀತಾವ. ನೋಡಿದವರು ನೀರು ಹೆಚ್ಚಾತು ಅಂತಾರ. ಏಪ್ರಿಲ್, ಮೇದಾಗ ನಮ್ಮ ಕಡೆ 40 ಡಿಗ್ರಿ ದಾಟಿದಾಗ ಬೀಳೋ ಎಲೆ ಹೆಚ್ಚಾಗಿ ಇದರಿಂದನ. ಕುಂಡ ಎತ್ತಿ ನೋಡ್ರಿ, ನೀರು ಹಾಕಿದ ಮ್ಯಾಲೂ ಹಗುರಿದ್ರ ಇದ ಕಾರಣ. ಬಕೀಟಿನ್ಯಾಗ ಅರ್ಧ ಕುಂಡ ಮುಳುಗೋ ಹಂಗ 30 ನಿಮಿಷ ಇಟ್ಟು, ಗುಳ್ಳೆ ಬರೋದು ನಿಂತ ಮ್ಯಾಲೆ ತೆಗೆದು ಸೋರಾಕ ಬಿಡ್ರಿ.

ತೂಗುಬಳ್ಳಿ
ನೋಡಿದೆ. ನೀರು ಹಾಕಿ ಐದು ದಿನ ಆಗಿದೆ. ಕಡ್ಡಿ ಮೇಲಿನ ಒಂದಿಂಚು ಒಣ, ಅಲ್ಲಿಂದ ತಳದವರೆಗೂ ಒದ್ದೆ. ತಟ್ಟೆಯಲ್ಲಿ ಬೆರಳಿನ ಅರ್ಧ ಗೆರೆಯಷ್ಟು ನೀರು, ಲೋಳೆ ಬೇರೆ. ಕುಂಡ ಭಾರವೇ ಇದೆ.

ಬೋಳಿನ ಬಗ್ಗೆ ಕೇಳಿದ್ದಿರಿ. ಆರು ಬಳ್ಳಿಯಲ್ಲೂ ಹೆಚ್ಚೂ ಕಡಿಮೆ ಒಂದೇ ಎತ್ತರಕ್ಕೆ ಬೋಳು ನಿಂತಿದೆ. ಅದರ ಕೆಳಗೆ ಎಲ್ಲದರಲ್ಲೂ ಎಲೆ ಇದೆ.

ಕಿಟಕಿಬೆಳಕು
ಒಂದೇ ಎತ್ತರ ಎಂದಿರಲ್ಲ, ಆ ಎತ್ತರವನ್ನು ಅಳತೆ ಪಟ್ಟಿ ಹಿಡಿದು ನೋಡಿ. ಏಳಡಿ ಬರುತ್ತದೆ ಅಂತ ಅನಿಸುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಕಿಟಕಿಯ ಲಿಂಟಲ್ (ಕಿಟಕಿಯ ತಲೆಮೇಲಿನ ತೊಲೆ) ನೆಲದಿಂದ ಸಾಮಾನ್ಯವಾಗಿ ಏಳಡಿಗೆ ಇರುತ್ತದೆ, ಸೂರು ಸುಮಾರು ಹತ್ತಡಿಗೆ. ಸೂರಿನ ಕೊಕ್ಕೆಗೆ ಒಂದೂವರೆ ಅಡಿ ಸರಪಳಿಯಲ್ಲಿ ಕುಂಡ ತೂಗಿದರೆ ಅದರ ಬಾಯಿ ಎಂಟೂವರೆ ಅಡಿಯಲ್ಲಿರುತ್ತದೆ, ಅಂದರೆ ಲಿಂಟಲ್‌ಗಿಂತ ಒಂದೂವರೆ ಅಡಿ ಮೇಲೆ. ನಿಮ್ಮ ಬಳ್ಳಿ ಬೋಳಾಗಿರುವುದೂ ಅಷ್ಟೇ ಉದ್ದ. ಹೊರಗೆ ಸಜ್ಜ ಬೇರೆ ಎರಡಡಿ ಚಾಚಿರುತ್ತದೆ. ಬೆಳಕು ಕಿಟಕಿಯಿಂದ ಒಳಗೆ ಇಳಿಯುತ್ತದೆ, ಏರುವುದಿಲ್ಲ. ಲಿಂಟಲ್‌ನ ಮೇಲಿನ ಮೂರಡಿ ಗೋಡೆಯ ನೇರಕ್ಕೆ ಏನನ್ನೇ ತೂಗು ಹಾಕಿದರೂ ಅದು ಸಿಕ್ಕಿಕೊಳ್ಳುವುದು ಕೋಣೆಯ ಅತಿ ಕತ್ತಲೆಯ ಪಟ್ಟಿಯಲ್ಲಿ. ನೆಲದಲ್ಲಿ ನಿಂತು ನೋಡುವ ನಮ್ಮ ಕಣ್ಣಿಗೆ ಕೋಣೆ ಬೆಳಕಾಗಿಯೇ ಕಾಣುತ್ತದೆ.

ಪರೀಕ್ಷೆ ಸುಲಭ. ಗಟ್ಟಿ ಸ್ಟೂಲ್ ಹತ್ತಿ, ಕುಂಡದ ಬಾಯಿಯ ಮಟ್ಟಕ್ಕೆ ಕಣ್ಣಿಟ್ಟು ಕಿಟಕಿ ಕಡೆ ನೋಡಿ. ಅಲ್ಲಿಂದ ಆಕಾಶ ಕಾಣದಿದ್ದರೆ ಆ ಮಟ್ಟದ ಎಲೆಗೂ ಕಾಣುತ್ತಿಲ್ಲ. ಇನ್ನೂ ನಿಖರವಾಗಿ ಬೇಕಾದರೆ ಫೋನಿಗೆ ಬೆಳಕು ಅಳೆಯುವ ಉಚಿತ ಲಕ್ಸ್ ಮೀಟರ್ ಆ್ಯಪ್ ಹಾಕಿ, ಪರದೆ ಕಿಟಕಿಯ ಕಡೆ ತಿರುಗಿಸಿ, ಬೆಳಿಗ್ಗೆ 11ಕ್ಕೆ ಮೂರು ಮಟ್ಟದಲ್ಲಿ ಅಳೆಯಿರಿ: ಕುಂಡದ ಬಾಯಿ, ಬೋಳು ಮುಗಿಯುವ ಜಾಗ, ಬಳ್ಳಿಯ ತುದಿ. ಫೋನಿನ ಅಳತೆ ಸಾಕಷ್ಟು ಆಚೀಚೆ ಆಗಬಹುದು, ಆದರೆ ಮೂರು ಜಾಗದ ನಡುವಿನ ಅಂತರ ಸುಳ್ಳು ಹೇಳುವುದಿಲ್ಲ. 500 ಲಕ್ಸ್‌ಗಿಂತ ಕಡಿಮೆ ಇದ್ದರೆ ಮನಿಪ್ಲಾಂಟ್ ಜೀವ ಹಿಡಿದಿರುತ್ತದೆ ಅಷ್ಟೇ, ಹಳೆಯ ಎಲೆ ಉಳಿಸಿಕೊಳ್ಳುವುದಿಲ್ಲ. ಎಲೆ ತುಂಬಿ ಬೆಳೆಯಲು 2,000ದಿಂದ ಮೇಲಿರಬೇಕು.

ತೂಗುಬಳ್ಳಿ
ಅಳೆದೆ. ಬೋಳು ನಿಲ್ಲುವುದು ನೆಲದಿಂದ ಆರಡಿ ಹನ್ನೊಂದು ಇಂಚಿಗೆ. ಲಿಂಟಲ್ ಸರಿಯಾಗಿ ಏಳಡಿ. ಕುಂಡದ ಬಾಯಲ್ಲಿ 180 ಲಕ್ಸ್, ಲಿಂಟಲ್ ಮಟ್ಟದಲ್ಲಿ 700, ತುದಿಯಲ್ಲಿ 2,400.

ಹಾಗಾದರೆ ತೊಂದರೆ ಬೆಳಕಿನದೋ, ನೀರಿನದೋ? ಎರಡೂ ಕಾಣುತ್ತಿವೆಯಲ್ಲ.

ಮಣ್ಣುಬೇರು
ಎರಡೂ ಒಂದೇ ತೊಂದರೆ. ಎಲೆ ಬೆಳಕಿದ್ದಷ್ಟು ನೀರು ಕುಡಿಯುತ್ತದೆ. ವಾರಕ್ಕೆ ಒಂದು ಲೀಟರ್ ಎನ್ನುವುದು ಬೆಳಕಿರುವ ಬಾಲ್ಕನಿಯ ಕುಂಡಕ್ಕೆ ಸರಿಯಾದ ಲೆಕ್ಕ. ಅದೇ ಲೀಟರ್ 180 ಲಕ್ಸ್‌ನಲ್ಲಿ, ಗಾಳಿಯಾಡದ ಸೂರಿನಡಿ, ತಟ್ಟೆ ಕಟ್ಟಿದ ಕುಂಡದಲ್ಲಿ ಕೆರೆಯಾಗುತ್ತದೆ. ಮಣ್ಣಿನ ಸಂದುಗಳಲ್ಲಿ ನೀರು ನಿಂತರೆ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಸೋತ ಬೇರಿಗೆ ಪಿಥಿಯಮ್, ಫೈಟೋಫ್ಥೊರಾದಂಥ ಕೊಳೆರೋಗಾಣುಗಳು ಹತ್ತುತ್ತವೆ. ಬೇರು ಕಡಿಮೆಯಾದಾಗ ಗಿಡ ಹಳೆಯ ಎಲೆಯಲ್ಲಿರುವ ಸಾರಜನಕ, ಮೆಗ್ನೀಷಿಯಮ್ ಎಲ್ಲ ಹೀರಿ ಚಿಗುರಿಗೆ ಕಳಿಸುತ್ತದೆ. ಯಾವ ಎಲೆ ಬಿಡಬೇಕು ಎನ್ನುವಾಗ ಕತ್ತಲಲ್ಲಿ ಕೂತ, ದುಡಿಯದ ಎಲೆ ಮೊದಲು ಹೋಗುತ್ತದೆ. ನಿಮ್ಮ ಬಳ್ಳಿ ಮಾಡಿರುವುದು ಅದನ್ನೇ.

ಈಗ ಕುಂಡ ಇಳಿಸಿ, ಗಿಡ ಹೊರಗೆ ತೆಗೆದು ಬೇರು ನೋಡಲೇಬೇಕು. ಹಳೇ ಪೇಪರ್ ಹಾಸಿ, ಕುಂಡವನ್ನು ಅಡ್ಡ ಮಲಗಿಸಿ, ಸುತ್ತ ಅದುಮಿ ಸಡಿಲಿಸಿ. ಬಳ್ಳಿ ಹಿಡಿದು ಎಳೆಯಬೇಡಿ. ಒಳ್ಳೆಯ ಬೇರು ಕೆನೆ ಬಣ್ಣ, ಬಾಗಿಸಿದರೆ ಹಸಿ ಹುರಳಿಕಾಯಿ ಹಾಗೆ ಗಟ್ಟಿ. ಕೊಳೆತದ್ದು ಕಂದು, ಮೆತ್ತಗೆ, ಚರಂಡಿ ವಾಸನೆ. ಅನುಮಾನ ಬಂದ ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಗಿನ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಬಂದು ಒಳಗೆ ತೆಳ್ಳನೆಯ ದಾರ ಉಳಿದರೆ ಆ ಬೇರು ಸತ್ತಿದೆ.

ಬೇರಿನುಂಡೆಯ ನಡುವೆ ಗಟ್ಟಿ ಕೆಂಪುಮಣ್ಣಿನ ಹೆಂಟೆ ಇದೆಯೇ ಎಂದೂ ನೋಡಿ. ನರ್ಸರಿಗಳಲ್ಲಿ ಕಡ್ಡಿಯನ್ನು ಕೆಂಪುಮಣ್ಣಿನ ಸಣ್ಣ ಚೀಲದಲ್ಲಿ ಬೇರು ಬರಿಸಿ, ಮಾರುವಾಗ ಹಾಗೇ ದೊಡ್ಡ ಕುಂಡಕ್ಕಿಟ್ಟು ಸುತ್ತ ಕೊಕೊಪೀಟ್ ತುಂಬುವುದುಂಟು. ಸುತ್ತಲಿನದು ಒಣಗಿದರೂ ಹೆಂಟೆಯ ಒಳಗೆ ಅಂಟು ಒದ್ದೆ ಹೋಗುವುದಿಲ್ಲ.

ತೂಗುಬಳ್ಳಿ
ಹೆಂಟೆ ಇದೆ, ಕಿತ್ತಳೆ ಹಣ್ಣಿನ ಗಾತ್ರದ್ದು. ಅದರೊಳಗಿನ ಬೇರು ಬಹುತೇಕ ಕಂದು, ನೀವು ಹೇಳಿದ ಹಾಗೆ ಸಿಪ್ಪೆ ಜಾರುತ್ತಿದೆ. ಹೊರಗಿನ ಕೊಕೊಪೀಟ್‌ನಲ್ಲಿ ಕೆನೆ ಬಣ್ಣದ ಬೇರು ಇನ್ನೂ ಇವೆ. ಅಂದಾಜು ಅರ್ಧ ಉಳಿದಿದೆ.

ಮಣ್ಣುಬೇರು
ಅರ್ಧ ಉಳಿದಿದ್ದರೆ ಧೈರ್ಯವಾಗಿರಿ, ಗಿಡ ಉಳಿಯುತ್ತದೆ. ಈ ಕ್ರಮದಲ್ಲಿ ಮಾಡಿ.

ಬೇರಿನುಂಡೆಯನ್ನು ಬಕೆಟ್ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ, ಹೆಂಟೆಯನ್ನು ಬೆರಳಲ್ಲೇ ಕರಗಿಸಿ. ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆಯಿರಿ. ಕತ್ತರಿಯನ್ನು ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಒರೆಸಿ, ಕೊಳೆತದ್ದನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ನಡುನಡುವೆ ಕತ್ತರಿ ಮತ್ತೆ ಒರೆಸಿ.

ಬೇರು ಅರ್ಧ ಹೋದ ಮೇಲೆ ಬಳ್ಳಿಯನ್ನೂ ಅಷ್ಟೇ ಇಳಿಸಬೇಕು, ಇಲ್ಲದಿದ್ದರೆ ಉಳಿದ ಎಲೆಗೆ ನೀರು ಸಾಲದೆ ಮತ್ತೆ ಉದುರುತ್ತವೆ. ಬೋಳಾದ ಗೆಣ್ಣಿನಲ್ಲಿ ಉದುರಿದ ಎಲೆ ಮರಳಿ ಬರುವುದಿಲ್ಲ, ಇದು ನಿಮ್ಮ ಮೊದಲ ಬರಹದ ಕೊನೆಯ ಪ್ರಶ್ನೆಗೆ ಉತ್ತರ. ಆದರೆ ಪ್ರತಿ ಗೆಣ್ಣಿನಲ್ಲೂ ನಿದ್ದೆ ಹೋದ ಮೊಗ್ಗೊಂದು ಇರುತ್ತದೆ. ತುದಿ ಕತ್ತರಿಸಿದರೆ ಅದು ಎದ್ದು ಹೊಸ ಕವಲು ಬರುತ್ತದೆ. ಪ್ರತಿ ಬಳ್ಳಿಯಲ್ಲೂ ಮಣ್ಣಿನಿಂದ ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿ.

ಕತ್ತರಿಸಿದ ಬಳ್ಳಿ ಹಾಳಲ್ಲ. ಎಲೆ ಇರುವ ಭಾಗವನ್ನು ಎರಡೆರಡು ಗೆಣ್ಣಿನ ಕಡ್ಡಿ ಮಾಡಿ. ಗೆಣ್ಣಿನಿಂದ ಅರ್ಧ ಇಂಚು ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಕೆಳ ಗೆಣ್ಣು ಮುಳುಗುವ ಹಾಗೆ ನೀರಿನ ಲೋಟದಲ್ಲಿಡಿ. ಬೇರು ಬರುವುದು ಕಂದು ಬಣ್ಣದ ಮೊಳಕೆಯಂಥ ಗಾಳಿಬೇರಿನಿಂದ. ಬರೀ ಎಲೆ, ತೊಟ್ಟು ಮಾತ್ರ ಇಟ್ಟರೆ ಬೇರು ಬಂದರೂ ಬಳ್ಳಿ ಎಂದಿಗೂ ಬರುವುದಿಲ್ಲ. ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಹದಿನೈದು ದಿನದ ಆಸುಪಾಸಿನಲ್ಲಿ ಬೇರು ಒಂದೂವರೆ ಎರಡು ಇಂಚಾದ ಕೂಡಲೇ ಮಣ್ಣಿಗೆ ನೆಡಿ. ತಿಂಗಳುಗಟ್ಟಲೆ ನೀರಿನಲ್ಲೇ ಬಿಟ್ಟರೆ ಬೇರು ನೀರಿಗೇ ಒಗ್ಗಿಕೊಂಡು ಮಣ್ಣಿಗೆ ಹೋದಾಗ ಸೊರಗುತ್ತದೆ. ಬೋಳು ಭಾಗ ಹಸಿರಾಗಿ ಗಟ್ಟಿಯಿದ್ದರೆ ಅದನ್ನೂ ಒಂದೊಂದು ಗೆಣ್ಣಿನ ತುಂಡು ಮಾಡಿ ಒದ್ದೆ ಕೊಕೊಪೀಟ್ ಮೇಲೆ ಮಲಗಿಸಿ, ಅರ್ಧ ಹುಗಿಯಿರಿ. ಚಿಗುರಲು ಒಂದರಿಂದ ಎರಡು ತಿಂಗಳು ಬೇಕು.

ಕುಂಡ 8 ಇಂಚಿನದು ಬೇಡ, 6 ಇಂಚಿಗೆ ಇಳಿಯಿರಿ. ದೊಡ್ಡ ಕುಂಡಕ್ಕೆ ಹಾಕಿದರೆ ಬೇಗ ಬೆಳೆಯುತ್ತದೆ ಎನ್ನುವುದು ಪೆಟ್ಟು ತಿಂದ ಬೇರಿಗೆ ಅನ್ವಯಿಸುವುದಿಲ್ಲ. ಬೇರು ತಲುಪದ ಮಣ್ಣಿನ ನೀರನ್ನು ಕುಡಿಯುವವರು ಯಾರೂ ಇಲ್ಲ, ಮತ್ತೆ ಕೊಳೆತ ಶುರುವಾಗುತ್ತದೆ. ಮಿಶ್ರಣಕ್ಕೆ ತೊಳೆದ ಕೊಕೊಪೀಟ್ 2 ಮಗ್, ದಪ್ಪ ಮರಳು ಅಥವಾ ಪರ್ಲೈಟ್ (ಹಗುರ ಬಿಳಿ ಕಲ್ಲಿನ ಹರಳು) 1 ಮಗ್, ಎರೆಗೊಬ್ಬರ ಅರ್ಧ ಮಗ್, ಸುಟ್ಟ ಭತ್ತದ ಹೊಟ್ಟು ಅಥವಾ ಪುಡಿ ಮಾಡಿದ ಇದ್ದಿಲು ಅರ್ಧ ಮಗ್. ಕೊಕೊಪೀಟ್ ಇಟ್ಟಿಗೆಯಲ್ಲಿ ಉಪ್ಪಿನಂಶ ಇರುತ್ತದೆ, ನೆನೆಸಿ ಹಿಂಡಿ ನೀರು ಚೆಲ್ಲುವುದನ್ನು ಮೂರು ಸಲ ಮಾಡಿ. 650 ಗ್ರಾಂ ಇಟ್ಟಿಗೆ ಉಬ್ಬಿ ಎಂಟು ಲೀಟರ್‌ನಷ್ಟಾಗುತ್ತದೆ, ಉಳಿದದ್ದು ಒಣಗಿಸಿಡಬಹುದು. ತಳದಲ್ಲಿ ಜಲ್ಲಿ ಹಾಕಬೇಡಿ. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ, ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬರುತ್ತದೆ.

ತಟ್ಟೆ ಕಿತ್ತುಬಿಡಿ. ನೀರನ್ನು ಬಚ್ಚಲಲ್ಲಿ ಹಾಕಿ, ತೊಟ್ಟಿಕ್ಕುವುದು ನಿಂತ ಮೇಲೆ ತೂಗು ಹಾಕಿ.

ಕಿಟಕಿಬೆಳಕು
ತೂಗು ಹಾಕುವಾಗ ಸರಪಳಿಗೆ ಇನ್ನೆರಡೂವರೆ ಅಡಿ ಸೇರಿಸಿ. ಕುಂಡದ ಬಾಯಿ ಆರಡಿಗೆ ಬರುತ್ತದೆ, ಲಿಂಟಲ್‌ಗಿಂತ ಒಂದಡಿ ಕೆಳಗೆ. ಕಿಟಕಿಯಿಂದ ಎರಡಡಿ ಇರುವುದನ್ನು ಒಂದಡಿ ಮಾಡಿ. ಆದರೆ ಕತ್ತಲಲ್ಲಿದ್ದ ಗಿಡಕ್ಕೆ ಪೂರ್ವದ ಎಳೆಬಿಸಿಲೂ ಮೊದಲ ದಿನವೇ ಬೀಳಬಾರದು, ಎಲೆ ಸುಟ್ಟು ಬಿಳಿಚಿಕೊಳ್ಳುತ್ತದೆ. ಎರಡು ವಾರ ತೆಳು ಪರದೆ ಇರಲಿ, ಆಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ಸರಿಸಿ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಒಳಬದಿಯೂ ಬೋಳಾಗುವುದಿಲ್ಲ. ಎಲೆ ಮೇಲಿನ ಧೂಳನ್ನು ತಿಂಗಳಿಗೆರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ, ರಸ್ತೆ ಬದಿಯ ಮನೆಯಾದರೆ ವಾರಕ್ಕೊಮ್ಮೆ.

ತುದಿಯ ಎಲೆ ಚಿಕ್ಕದಾಗುತ್ತಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಬಳ್ಳಿಯ ಮೂಲ ಪೆಸಿಫಿಕ್ ಸಾಗರದ ಮೊರಿಯಾ ದ್ವೀಪ. ಅಲ್ಲಿ ಅದು ಮರ ಹತ್ತುವ ಬಳ್ಳಿ. ಹತ್ತಲು ಆಸರೆ ಸಿಕ್ಕಿದರೆ ಎಲೆ ಮೊರದಷ್ಟಾಗುತ್ತದೆ, ಇಳಿಬಿದ್ದರೆ ಕಿರಿದಾಗುತ್ತಾ ಹೋಗುತ್ತದೆ. ತೂಗುಕುಂಡದಲ್ಲಿ ಒಂದಿಷ್ಟು ಕಿರಿದಾಗುವುದು ಸಹಜ, ಅದನ್ನು ರೋಗ ಎಂದು ಔಷಧಿ ಹೊಡೆಯಬೇಡಿ.

ಅಂಗಳದ ಹಸಿರು
ಎಲೆ ಹಳದಿಯಾದರೆ ಎಪ್ಸಮ್ ಉಪ್ಪು ಹಾಕಿ ಅಂತ ಎಲ್ಲಾ ಕಡೆ ಹೇಳ್ತಾರೆ. ಅಕ್ಕಿ ತೊಳೆದ ನೀರು, ಟೀ ಪುಡಿಯೂ ಒಳ್ಳೆಯದಂತೆ. ಇವೆಲ್ಲ ಬೇಡವೇ?

ಮಣ್ಣುಬೇರು
ಮೇಡಂ, ಎಪ್ಸಮ್ ಉಪ್ಪು ಮೆಗ್ನೀಷಿಯಮ್ ಕೊರತೆಗೆ ಔಷಧಿ. ಆ ಕೊರತೆಗೆ ತನ್ನದೇ ಗುರುತಿದೆ: ಹಳೆಯ ಎಲೆಯಲ್ಲಿ ನರಗಳು ಹಸಿರಾಗಿಯೇ ಇದ್ದು, ನಡುವಿನ ಜಾಗ ಮಾತ್ರ ಹಳದಿಯಾಗುತ್ತದೆ. ಹಾಗಿದ್ದರೆ ಲೀಟರಿಗೆ ಒಂದು ಟೀ ಚಮಚ, ತಿಂಗಳಿಗೊಮ್ಮೆ, ಸಾಕು. ನರದ ಸಮೇತ ಎಲೆ ಒಂದೇ ಸಮ ತಿಳಿ ಹಳದಿಯಾದರೆ ಅದು ಸಾರಜನಕ. ಎರಡೂ ಅಲ್ಲದೆ ಬೇರು ಕೊಳೆತಾಗ ಯಾವ ಉಪ್ಪು ಸುರಿದರೂ ಉಳಿದ ಬೇರು ಸುಡುತ್ತದೆ.

ಅಕ್ಕಿ ತೊಳೆದ ನೀರು, ಟೀ ಪುಡಿ ತೆರೆದ ತೋಟದ ಮಣ್ಣಿಗೆ ತೊಂದರೆ ಮಾಡಲಿಕ್ಕಿಲ್ಲ. ಮನೆಯೊಳಗಿನ ಕುಂಡದಲ್ಲಿ ಪಿಷ್ಟ ಹುಳಿಬಂದು ಬೂಷ್ಟು ಕಟ್ಟುತ್ತದೆ, ಸಣ್ಣ ಕಪ್ಪು ನೊಣ ಮೊಟ್ಟೆ ಇಡುತ್ತದೆ. ಕುಂಡ ಅಲುಗಿಸಿದಾಗ ಆ ನೊಣ ಹಾರಿದರೆ ಮೇಲ್ಮಣ್ಣು ಸದಾ ಒದ್ದೆಯಾಗಿದೆ ಎಂದು ತಿಳಿಯಿರಿ.

ಬೋರ್‌ವೆಲ್ ನೀರು ಬಳಸುವವರು ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಇದ್ದರೆ ಎಲೆ ತುದಿ ಕಂದಾಗಿ ಒಣಗುವುದಕ್ಕೆ ಕಾರಣ ಆ ಉಪ್ಪು. ಮಳೆನೀರನ್ನು ಕುಂಡದ ಅಳತೆಯ ಮೂರು ಪಟ್ಟು ನಿಧಾನವಾಗಿ ಸುರಿದು ಹರಿಯಬಿಡಿ. ಎರಡು ತಿಂಗಳಿಗೊಮ್ಮೆ ಸಾಕು.

ಕೀಟಗನ್ನಡಿ
ಈ ಗಿಡದಲ್ಲಿ ಕೀಟ ಕಾಣುತ್ತಿಲ್ಲ, ಆದರೂ ಕಡ್ಡಿ ನೆಡುವ ಮೊದಲು ಒಮ್ಮೆ ಪರೀಕ್ಷೆ ಮಾಡಿಬಿಡಿ, ಹೊಸ ಕುಂಡಕ್ಕೆ ಹಳೆಯ ಕೀಟ ಹೋಗುವುದು ಕಡ್ಡಿಯ ಮೂಲಕವೇ.

ಎಲೆತೊಟ್ಟು ಬಳ್ಳಿಯನ್ನು ಅಪ್ಪಿಕೊಳ್ಳುವ ಸಂದಿ ಇದೆಯಲ್ಲ, ಅಲ್ಲಿ ತೊಟ್ಟನ್ನು ಸ್ವಲ್ಪ ಬಾಗಿಸಿ ಒಳಗೆ ಟಾರ್ಚ್ ಬಿಡಿ. ಹಿಟ್ಟು ತಿಗಣೆ ಅಡಗುವುದು ಅಲ್ಲಿ. ರವೆಯಷ್ಟು ಬಿಳಿ, ಹತ್ತಿ ಅಂಟಿದ ಹಾಗೆ, ಕಡ್ಡಿಯಲ್ಲಿ ಕೆದಕಿದರೆ ಗುಲಾಬಿ ಬಣ್ಣದ ಮೈ ಕಾಣುತ್ತದೆ. ಎಲೆ ಮೇಲೆ ಅಂಟಂಟು, ಅದರ ಮೇಲೆ ಮಸಿಯಂಥ ಬೂಷ್ಟು, ಕುಂಡದ ಸರಪಳಿಯಲ್ಲಿ ಇರುವೆ ಸಾಲು, ಈ ಮೂರರಲ್ಲಿ ಒಂದು ಕಂಡರೂ ತಿಗಣೆ ಎಲ್ಲೋ ಇದೆ. ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೂ ಮುಟ್ಟಿ. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 1 ಮಿ.ಲೀ. ಪಾತ್ರೆ ತೊಳೆಯುವ ದ್ರವ. ಎಣ್ಣೆಗೆ ಮೊದಲು ಸೋಪು ಕಲಸಿ, ಬಿಳಿಯಾದ ಮೇಲೆ ಉಗುರುಬೆಚ್ಚಗಿನ ನೀರು ಸೇರಿಸಬೇಕು, ಇಲ್ಲದಿದ್ದರೆ ಎಣ್ಣೆ ತೇಲುತ್ತದೆ. ಸಂಜೆ, ಎಲೆಯ ಅಡಿಭಾಗಕ್ಕೆ, ಏಳು ದಿನಕ್ಕೊಮ್ಮೆ ಮೂರು ಸಲ. ಮೂರನೆಯದನ್ನು ಬಿಟ್ಟವರ ಮನೆಗೆ ತಿಗಣೆ ಮತ್ತೆ ಬರುತ್ತದೆ, ಮೊಟ್ಟೆಗೆ ಔಷಧಿ ತಾಗಿರುವುದಿಲ್ಲ.

ಫೆಬ್ರವರಿಯಿಂದ ಮೇವರೆಗೆ ಒಣಗಾಳಿಯಲ್ಲಿ ಜೇಡನುಸಿ ಬರುತ್ತದೆ. ಎಲೆ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ಬಿಳಿ ಚುಕ್ಕೆ. ಬಿಳಿ ಕಾಗದದ ಮೇಲೆ ಎಲೆ ತಟ್ಟಿ, ಬಿದ್ದ ಧೂಳಿನ ಕಣ ನಡೆದಾಡಿದರೆ ಅದು ನುಸಿ. ಬಚ್ಚಲಲ್ಲಿ ಎಲೆಯ ಅಡಿಗೆ ಜೋರು ನೀರು ಬಿಟ್ಟು ತೊಳೆದರೆ ಮುಕ್ಕಾಲು ಪಾಲು ಹೋಗುತ್ತದೆ.

ಟೊರಾಂಟೊ ಕಿಟಕಿ
ಇಲ್ಲಿ ಡಿಸೆಂಬರ್‌ನಲ್ಲಿ ಇದೇ ಗಿಡದ ಕಿಟಕಿ ಬದಿಯ ಎಲೆ ಮಾತ್ರ ಕಪ್ಪಾಗಿ ಬೀಳುತ್ತಿದೆ, ಒಳಬದಿಯದು ಚೆನ್ನಾಗಿದೆ. ಕೆಳಗೆ ಹೀಟರ್‌ನ ಗಾಳಿಕಿಂಡಿ ಇದೆ. ಬೇರು ನೋಡಿದ್ದಾಯಿತು, ಗಟ್ಟಿಯಿದೆ.

ಮಣ್ಣುಬೇರು
ಗಾಜಿಗೆ ತಾಗಿದ ಎಲೆ ಚಳಿಗೆ ಹೋಗಿದೆ. ಕೋಣೆ 21 ಡಿಗ್ರಿ ಇದ್ದರೂ ರಾತ್ರಿ ಗಾಜಿನ ಹತ್ತಿರ 10ಕ್ಕಿಂತ ಕೆಳಗಿಳಿಯಬಹುದು, ಈ ಬಳ್ಳಿಗೆ ಅದು ತಡೆಯದು. ಎಲೆಗೂ ಗಾಜಿಗೂ ಒಂದು ಗೇಣು ಅಂತರ ಬಿಡಿ, ಕಿಂಡಿಗೆ ಗಾಳಿ ತಿರುಗಿಸುವ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಚಳಿಗಾಲದಲ್ಲಿ ಹಗಲು ಕಿರಿದು, ನೀರು ಬೇಸಿಗೆಯ ಅರ್ಧಕ್ಕೆ ಇಳಿಸಿ, ಅದೂ ಕೋಣೆಯಷ್ಟೇ ಬೆಚ್ಚಗಿರಲಿ. ಮಾರ್ಚ್‌ವರೆಗೆ ಗೊಬ್ಬರ ಬೇಡ. ಎಲೆಗೆ ನೀರು ಚಿಮುಕಿಸಿ ತೇವ ಹೆಚ್ಚಿಸುವ ಪ್ರಯತ್ನ ವ್ಯರ್ಥ, ಹತ್ತು ನಿಮಿಷಕ್ಕೆ ಆರುತ್ತದೆ. ನಾಲ್ಕೈದು ಕುಂಡ ಗುಂಪಾಗಿಟ್ಟರೆ ಅದಕ್ಕಿಂತ ವಾಸಿ.

ಸಾಗರದ ಮಳೆ
ಮಲೆನಾಡಿನವರಿಗೆ ಸಮಸ್ಯೆ ತಿರುಗುಮುರುಗು. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದು ಜಗಲಿಯಲ್ಲೂ ಬೆಳಕಿಲ್ಲ, ಗಾಳಿಯೇ ಒದ್ದೆ. ಆ ಮೂರು ತಿಂಗಳು ಒಳಗಿನ ಕುಂಡಕ್ಕೆ ಹದಿನೈದು ದಿನಕ್ಕೊಮ್ಮೆ ನೀರು ಕೊಟ್ಟರೂ ಹೆಚ್ಚೇ. ಇಲ್ಲಿ ಮೇ ಕೊನೆಯಲ್ಲೇ ಮಿಶ್ರಣಕ್ಕೆ ಕಾಲು ಭಾಗ ಮರಳು ಸೇರಿಸಿ ಕುಂಡ ಬದಲಿಸುವುದು, ಟ್ರೈಕೋಡರ್ಮಾ (ಉಪಕಾರಿ ಶಿಲೀಂಧ್ರ) ಪುಡಿಯನ್ನು ಕೆಜಿ ಗೊಬ್ಬರಕ್ಕೆ 10 ಗ್ರಾಂನಂತೆ ಕಲಸಿ ವಾರ ನೆರಳಲ್ಲಿಟ್ಟು ಬಳಸುವುದು ಒಳ್ಳೆಯದು. ಅದು ಕೊಳೆ ಬಾರದಂತೆ ಕಾಯುತ್ತದೆ, ಬಂದ ಕೊಳೆಯನ್ನು ವಾಸಿ ಮಾಡುವುದಿಲ್ಲ.

ಬಿಳಿ ಮಚ್ಚೆ ಹೆಚ್ಚಿರುವ ಮಾರ್ಬಲ್ ಕ್ವೀನ್, ಎನ್‌ಜಾಯ್ ತಳಿಗಳು ಮಳೆಗಾಲದಲ್ಲಿ ಮೊದಲು ಎಲೆ ಉದುರಿಸುತ್ತವೆ. ಬಿಳಿ ಭಾಗದಲ್ಲಿ ಹರಿತ್ತು ಇಲ್ಲ, ಊಟ ತಯಾರಾಗುವುದು ಹಸಿರು ಚೂರಿನಲ್ಲಿ ಮಾತ್ರ. ಅವಕ್ಕೆ ಅತಿ ಬೆಳಕಿನ ಜಾಗ ಕೊಡಿ. ಮತ್ತೊಂದು ವಿನಂತಿ: ಕತ್ತರಿಸಿದ ತುಂಡನ್ನು ಕಾಡಂಚಿಗೆ, ಹಳ್ಳದ ಬದಿಗೆ ಎಸೆಯಬೇಡಿ. ಶ್ರೀಲಂಕಾದ ಕಾಡುಗಳಲ್ಲಿ ಈ ಬಳ್ಳಿ ಹಬ್ಬಿ ಮರಗಳನ್ನು ಮುಚ್ಚಿದೆ. ನಮ್ಮ ಘಟ್ಟದ ಹವೆಯೂ ಅಂಥದ್ದೇ. ಬಿಸಿಲಿಗೆ ಪೂರ್ತಿ ಒಣಗಿಸಿ ಕಾಂಪೋಸ್ಟ್‌ಗೆ ಹಾಕಿ. ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳಿರುವುದರಿಂದ ಬೆಕ್ಕು, ನಾಯಿ, ಮಗು ಕಚ್ಚದಂತೆಯೂ ನೋಡಿಕೊಳ್ಳಿ.

ಅಂಗಳದ ಹಸಿರು
ಇದೇ ಲೆಕ್ಕ ಬೇರೆ ಇಳಿಬಳ್ಳಿಗಳಿಗೂ ನಡೆಯುತ್ತದೆಯೇ? ಲಿಪ್‌ಸ್ಟಿಕ್ ಗಿಡ, ಹೋಯಾ, ನೇರಳೆ ಪಟ್ಟೆಯ ಟ್ರೇಡ್‌ಸ್ಕಾಂಟಿಯಾ?

ಕಿಟಕಿಬೆಳಕು
ಲಿಂಟಲ್ ಲೆಕ್ಕ ಎಲ್ಲಕ್ಕೂ ನಡೆಯುತ್ತದೆ, ನೀರಿನದು ಬೇರೆ. ಲಿಪ್‌ಸ್ಟಿಕ್ ಗಿಡ ಮರದ ಮೇಲೆ ಬೆಳೆಯುವ ಜಾತಿ, ಕೊಕೊಪೀಟ್‌ಗಿಂತ ತೆಂಗಿನ ಸಿಪ್ಪೆ ತುಂಡು ಹೆಚ್ಚಿರಲಿ. ಅದು ಬರಕ್ಕೂ ಎಲೆ ಉದುರಿಸುತ್ತದೆ, ಕೆಸರಿಗೂ ಉದುರಿಸುತ್ತದೆ, ಮನಿಪ್ಲಾಂಟ್‌ನಷ್ಟು ತಾಳ್ಮೆ ಅದಕ್ಕಿಲ್ಲ. ಹೋಯಾ ಎಲೆ ದಪ್ಪ, ನೀರು ಕೂಡಿಟ್ಟುಕೊಳ್ಳುತ್ತದೆ. ಕೆಳಗಿನ ಎಲೆಯನ್ನು ನಡುವೆ ಮಡಚಿ ನೋಡಿ, ಸುಲಭವಾಗಿ ಬಾಗಿದರೆ ಮಾತ್ರ ನೀರು. ಅದರ ಎಲೆಯಿಲ್ಲದ ಮೋಟು ಹೂದೊಟ್ಟನ್ನು ಒಣಕಡ್ಡಿ ಎಂದು ಕತ್ತರಿಸಬೇಡಿ, ಮುಂದಿನ ಹೂ ಅಲ್ಲೇ ಬರುತ್ತದೆ. ಟ್ರೇಡ್‌ಸ್ಕಾಂಟಿಯಾ ಬುಡ ಬೋಳಾಗುವುದು ಅದರ ಗುಣ. ವರ್ಷಕ್ಕೊಮ್ಮೆ ತುದಿ ಕತ್ತರಿಸಿ ಅದೇ ಕುಂಡಕ್ಕೆ ಚುಚ್ಚುವುದೊಂದೇ ದಾರಿ.

ತೂಗುಬಳ್ಳಿ
ಏಳು ವಾರದ ವರದಿ. 6 ಇಂಚಿನ ಕುಂಡ, ಬಾಯಿ ಆರಡಿಗೆ, ಈಗ ಅಲ್ಲಿ 2,100 ಲಕ್ಸ್. ಮೊದಲ ಹತ್ತು ದಿನದಲ್ಲಿ ಕಡ್ಡಿಗಳಿಂದ ನಾಲ್ಕು ಎಲೆ ಬಿದ್ದವು, ಆಮೇಲೆ ಒಂದೂ ಇಲ್ಲ. ಬಿಟ್ಟ ಮೋಟುಗಳಲ್ಲಿ ಆರರಲ್ಲಿ ಐದು ಚಿಗುರಿವೆ. ಹನ್ನೊಂದು ಕಡ್ಡಿಯಲ್ಲಿ ಒಂಬತ್ತಕ್ಕೆ ಬೇರು ಬಂದು ಅದೇ ಕುಂಡದ ಸುತ್ತ ನೆಟ್ಟಾಯಿತು. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ನೀರು ಹಾಕಿ ಸೋರಿದ ಮೇಲೆ 1.75 ಕೆಜಿ, ಒಂಬತ್ತನೇ ದಿನ 1.2 ಕೆಜಿ. ಅಗರಬತ್ತಿ ಕಡ್ಡಿ ಚುಚ್ಚಿದರೆ ಆಗ ತಳದ ಅರ್ಧ ಇಂಚು ಮಾತ್ರ ಪಸೆ. ಈಗ ಗೊಬ್ಬರ ಶುರು ಮಾಡಬಹುದೇ?

ಮಣ್ಣುಬೇರು
1.2 ಕೆಜಿಯೇ ನಿಮ್ಮ ಗೆರೆ. ಕುಂಡದ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ, ಇನ್ನು ವಾರದ ಲೆಕ್ಕ ಬಿಟ್ಟು ತಕ್ಕಡಿ ಹೇಳಿದಾಗ ನೀರು ಹಾಕಿ. ಎಲೆ ಹೆಚ್ಚಾದಂತೆ ಗಿಡದ್ದೇ ತೂಕ ಏರುತ್ತದೆ, ಹೀಗಾಗಿ ಮೂರು ತಿಂಗಳಿಗೊಮ್ಮೆ ಅಗರಬತ್ತಿ ಕಡ್ಡಿ ಚುಚ್ಚಿ ಗೆರೆ ಸರಿಪಡಿಸಿ.

ಚಿಗುರಿನಲ್ಲಿ ಎರಡನೇ ಎಲೆ ಬಿಚ್ಚಿಕೊಂಡಿದ್ದರೆ ಗೊಬ್ಬರ ಕೊಡಬಹುದು. 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ) ಗೊಬ್ಬರದ ಪುಡಿ ಲೀಟರಿಗೆ ಅರ್ಧ ಗ್ರಾಂ, ತಿಂಗಳಿಗೊಮ್ಮೆ, ಮಣ್ಣು ಒದ್ದೆಯಿರುವಾಗ ಮಾತ್ರ. ಎರಡು ಸಲ ಆದ ಮೇಲೆ ಲೀಟರಿಗೆ ಒಂದು ಗ್ರಾಂಗೆ ಏರಿಸಿ. ಬಳ್ಳಿ ಒಂದಡಿ ದಾಟಿದಾಗ ಒಂದೆರಡನ್ನು ಇಳಿಬಿಡದೆ ಮಣ್ಣಿನ ಮೇಲೆ ಸುತ್ತಿ, ಗೆಣ್ಣು ಮಣ್ಣಿಗೆ ತಾಗುವ ಹಾಗೆ ಹೇರ್‌ಪಿನ್ ಚುಚ್ಚಿ. ಮೂರು ನಾಲ್ಕು ವಾರದಲ್ಲಿ ಅಲ್ಲೇ ಬೇರು ಬಿಟ್ಟು ಕುಂಡದ ಬಾಯಿ ತುಂಬುತ್ತದೆ. ಚಿಗುರದ ಆರನೇ ಮೋಟನ್ನು ಉಗುರಲ್ಲಿ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಇನ್ನೊಂದು ತಿಂಗಳು ಬಿಡಿ, ಕಂದು ಇದ್ದರೆ ಈಗಲೇ ಕಿತ್ತು ತೆಗೆಯಿರಿ, ಪಕ್ಕದ ಹೊಸ ಬೇರಿಗೆ ಕೊಳೆ ಹತ್ತುವ ಮೊದಲು.